ಎಲ್ ನಿನೊ ಅಂದಾಕ್ಷಣ ಕೊಡಗಿಗೆ ಮಳೆ ಕಡಿಮೆಯೇ? ಕಡಲಿನ ಲೆಕ್ಕ ಗೊತ್ತಿದ್ದವರು ಬಿಡಿಸಿ ಹೇಳಿ

ಕಾಫಿಕಣ (ಪ್ರಶ್ನೆ)

ಏಪ್ರಿಲ್ ಬಂತೆಂದರೆ ಟಿವಿಯಲ್ಲಿ ಎಲ್ ನಿನೊ (ಪೆಸಿಫಿಕ್ ಕಡಲಿನ ನಡು–ಪೂರ್ವ ಭಾಗ ವಾಡಿಕೆಗಿಂತ ಬಿಸಿಯಾಗುವುದು) ಮಾತು ಶುರು. "ಎಲ್ ನಿನೊ ಬಂತು, ಮಳೆ ಹೋಯ್ತು" ಅನ್ನುವಲ್ಲಿಗೆ ಸುದ್ದಿಯೂ ಮುಗಿಯುತ್ತದೆ. ದಾಖಲೆ ತೆಗೆದು ನೋಡಿದರೆ ಇದು ತಾಳೆಯಾಗುವುದಿಲ್ಲ. 1997ರಲ್ಲಿ ಭಾರೀ ಎಲ್ ನಿನೊ ಇತ್ತು, ದೇಶದ ಮುಂಗಾರು ಸರಾಸರಿಯ 102%. 2015ರಲ್ಲೂ ಹೆಚ್ಚುಕಡಿಮೆ ಅಷ್ಟೇ ಬಲದ ಎಲ್ ನಿನೊ, ಮಳೆ 86%ಕ್ಕೆ ಇಳಿಯಿತು. 2018ರ ಮುಂಗಾರಿನಲ್ಲಿ ಎಲ್ ನಿನೊ ಇರಲೇ ಇಲ್ಲ. ದೇಶಕ್ಕೆ 91% ಮಳೆ, ಅಂದರೆ ಕೊರತೆ. ಆದರೆ ಅದೇ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳೇ ಕುಸಿದವು. 2023ರಲ್ಲಿ ಮಾತ್ರ ಟಿವಿಯವರು ಹೇಳಿದ್ದೇ ಆಯಿತು: ಆಗಸ್ಟ್ ಪೂರ್ತಿ ಒಣಗಿತು, ರಾಜ್ಯದಲ್ಲಿ ಬರ ಘೋಷಣೆಯೂ ಆಯಿತು.

ಕೇಳಬೇಕಾದದ್ದು ಇಷ್ಟು. ಪೆರು ದೇಶದ ಕಡೆ ಕಡಲು ಬಿಸಿಯಾದರೆ ಅದು ಭಾಗಮಂಡಲದ ಮಳೆಯನ್ನು ಮುಟ್ಟುವುದು ಯಾವ ದಾರಿಯಿಂದ? ಅರಬ್ಬಿ ಸಮುದ್ರ ತಲಕಾವೇರಿಯಿಂದ ನೇರ ಅಳೆದರೆ 45–50 ಕಿ.ಮೀ. ದೂರದಲ್ಲೇ ಇದೆ. ಮಳೆ ಅಲ್ಲಿಂದ ಬರುವುದಾದರೆ ಪೆಸಿಫಿಕ್ ಉಸಾಬರಿ ನಮಗೇಕೆ? ಕೊನೆಯದಾಗಿ, ಗೊಬ್ಬರ, ಬೋರ್ಡೋ (ತುತ್ತ–ಸುಣ್ಣದ ಸಿಂಪಡಣೆ), ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು) ಇಂಥ ಕೆಲಸಗಳಿಗೆ ದಿನ ಗೊತ್ತು ಮಾಡುವವರು ಯಾವ ಸೂಚಕ ನೋಡಬೇಕು, ಯಾವುದನ್ನು ಬಿಡಬೇಕು?

---

ಕಡಲಮೇಲ್ಮೈ

ಒಳ್ಳೆಯ ಪ್ರಶ್ನೆ. ಪೆಸಿಫಿಕ್‌ಗೆ ಹೋಗುವ ಮೊದಲು ಕಡಲಿಗೆ ಇಷ್ಟು ಬಲ ಎಲ್ಲಿಂದ ಬಂತು ಎಂಬುದನ್ನು ನೋಡೋಣ, ಉಳಿದದ್ದೆಲ್ಲ ಅದರ ಮೇಲೆಯೇ ನಿಂತಿದೆ.

ಒಂದು ಚದರ ಮೀಟರ್ ನೆಲದ ಮೇಲೆ ಆಕಾಶದ ತುದಿಯವರೆಗೆ ಇರುವ ಗಾಳಿಯ ತೂಕ ಸುಮಾರು 10 ಟನ್. ಆ ಗಾಳಿಯನ್ನೆಲ್ಲ ಒಂದು ಡಿಗ್ರಿ ಬಿಸಿ ಮಾಡಲು ಬೇಕಾಗುವ ಶಾಖವನ್ನು ಕಡಲಿನ ಮೇಲಿನ ಎರಡೂವರೆ ಮೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ. ಕಡಲಿನ ಸರಾಸರಿ ಆಳ 3,700 ಮೀಟರ್. ಭೂಮಿಯಲ್ಲಿ ಹೆಚ್ಚುವರಿಯಾಗಿ ಸೇರುತ್ತಿರುವ ಶಾಖದ 90%ಕ್ಕೂ ಹೆಚ್ಚು ಭಾಗ ಕಡಲಿಗೆ ಹೋಗುತ್ತಿರುವುದು ಇದೇ ಕಾರಣಕ್ಕೆ. ಗಾಳಿ ಇವತ್ತಿನದನ್ನು ನಾಳೆಗೆ ಮರೆಯುತ್ತದೆ, ಕಡಲು ತಿಂಗಳುಗಟ್ಟಲೆ ಮರೆಯುವುದಿಲ್ಲ. ಮಳೆಗಾಲದ ಮುನ್ಸೂಚನೆ ಎಂಬುದೊಂದು ಸಾಧ್ಯವಾಗಿರುವುದೇ ಕಡಲಿನ ಈ ನೆನಪಿನಿಂದ.

ಆ ಶಾಖ ನಮ್ಮ ತನಕ ಬರುವುದು ಆವಿಯ ರೂಪದಲ್ಲಿ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 24.5 ಲಕ್ಷ ಜೂಲ್ ಗುಪ್ತೋಷ್ಣ ಬೇಕು. ಆವಿ ಮೋಡವಾಗಿ ನೀರಾದಾಗ ಅಷ್ಟೂ ಶಾಖ ಗಾಳಿಗೆ ವಾಪಸ್ ಸಿಗುತ್ತದೆ. ನಮ್ಮ ಇಂಚಿನ ಲೆಕ್ಕದಲ್ಲೇ ಹೇಳುವುದಾದರೆ, ಒಂದು ಎಕರೆ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು 1,02,800 ಲೀಟರ್ ನೀರು. ಅಷ್ಟು ನೀರು ಮೋಡದಲ್ಲಿ ಸಾಂದ್ರವಾಗುವಾಗ ಬಿಟ್ಟ ಶಾಖ ಸುಮಾರು 70,000 ಯೂನಿಟ್ ವಿದ್ಯುತ್ತಿಗೆ ಸಮ. ಒಂದು ಎಕರೆಗೆ, ಒಂದೇ ಇಂಚಿಗೆ. ಹೀಗೆ ಶಾಖ ಬಿಡುಗಡೆಯಾದ ಕಡೆ ಗಾಳಿ ಮೇಲೇರುತ್ತದೆ, ಸುತ್ತಲಿಂದ ಇನ್ನಷ್ಟು ತೇವದ ಗಾಳಿ ಬಂದು ಸೇರುತ್ತದೆ. ಮಳೆ ಗಾಳಿಯನ್ನು ಎಳೆಯುತ್ತದೆ, ಗಾಳಿ ಮಳೆಯನ್ನು ತರುತ್ತದೆ. ಮುಂಗಾರು ಎನ್ನುವುದು ಈ ಕೊಡುಕೊಳ್ಳುವಿಕೆಯೇ.

ಉಷ್ಣವಲಯದ ಕಡಲಿನ ಮೇಲ್ಮೈ ಸುಮಾರು 28 ಡಿಗ್ರಿ ದಾಟಿದ ಕಡೆ ಎತ್ತರದ ಮಳೆಮೋಡ ಕಟ್ಟುವ ಸಾಧ್ಯತೆ ಒಮ್ಮೆಲೇ ಏರುತ್ತದೆ. ಇದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಜೊತೆಗಾರರು 1984ರಲ್ಲೇ ತೋರಿಸಿದ್ದರು. ಹಾಗೆಂದು 28ರ ಮೇಲೆ ಬಿಸಿ ಏರಿದಷ್ಟೂ ಮಳೆ ಏರುತ್ತದೆ ಅಂತಲ್ಲ. 28 ಅನ್ನುವುದು ಹೊಸ್ತಿಲು. ದಾಟಿದ ಮೇಲೆ ಮೋಡ ಕಟ್ಟುವುದೋ ಇಲ್ಲವೋ ಎಂಬುದನ್ನು ಗಾಳಿ ತೀರ್ಮಾನಿಸುತ್ತದೆ.

ಈಗ ಪೆಸಿಫಿಕ್. ಸಾಮಾನ್ಯ ವರ್ಷಗಳಲ್ಲಿ ವಾಣಿಜ್ಯ ಮಾರುತಗಳು ಬಿಸಿನೀರನ್ನು ಪೂರ್ವದಿಂದ ಪಶ್ಚಿಮಕ್ಕೆ, ಪೆರು ಕಡೆಯಿಂದ ಇಂಡೋನೇಷ್ಯಾ ಕಡೆಗೆ ತಳ್ಳುತ್ತಿರುತ್ತವೆ. ಇದರಿಂದ ಇಂಡೋನೇಷ್ಯಾ ಬಳಿ ಸಮುದ್ರಮಟ್ಟವೇ ಅರ್ಧ ಮೀಟರಿನಷ್ಟು ಎತ್ತರ. ಪೆರು ಬಳಿ ಮೇಲ್ಮೈ ನೀರು ಸರಿದುಹೋದ ಜಾಗಕ್ಕೆ ಆಳದ ತಣ್ಣೀರು ಮೇಲೇರುತ್ತದೆ. ಬಿಸಿನೀರಿಗೂ ಆಳದ ತಣ್ಣೀರಿಗೂ ನಡುವಿನ ಗಡಿ, ಥರ್ಮೋಕ್ಲೈನ್, ಪಶ್ಚಿಮದಲ್ಲಿ 150 ಮೀಟರಿಗೂ ಕೆಳಗಿದ್ದರೆ ಪೂರ್ವದಲ್ಲಿ ಕೆಲವೇ ಹತ್ತು ಮೀಟರ್ ಆಳದಲ್ಲಿರುತ್ತದೆ. ಈ ಮಾರುತ ಸಡಿಲವಾದರೆ ಪಶ್ಚಿಮದಲ್ಲಿ ಕೂಡಿಬಿದ್ದ ಬಿಸಿನೀರು ಕೆಲ್ವಿನ್ ಅಲೆಗಳಾಗಿ ಎರಡು–ಮೂರು ತಿಂಗಳಲ್ಲಿ ಪೆಸಿಫಿಕ್ ದಾಟಿ ಪೂರ್ವಕ್ಕೆ ಬರುತ್ತದೆ. ಪೂರ್ವ ಬಿಸಿಯಾದಷ್ಟೂ ಮಾರುತ ಇನ್ನೂ ಸಡಿಲ. ಒಂದನ್ನೊಂದು ಹೀಗೆ ಬೆಳೆಸುತ್ತ ಎಲ್ ನಿನೊ ಬಲಿಯುತ್ತದೆ.

ಅಲ್ಲಿ ಬಿಸಿಯಾದರೆ ನಮಗೇನು ಅಂತ ಕೇಳಿದಿರಿ. ಮಳೆಮೋಡಗಳ ಗುಂಪು ಬಿಸಿನೀರನ್ನು ಹಿಂಬಾಲಿಸಿ ಇಂಡೋನೇಷ್ಯಾ ಬಿಟ್ಟು ಪೆಸಿಫಿಕ್ ನಡುವಿಗೆ ಸರಿಯುತ್ತದೆ. ಅಲ್ಲಿ ಮೇಲೆದ್ದ ಗಾಳಿ ಬೇರೆಲ್ಲಾದರೂ ಇಳಿಯಲೇಬೇಕಲ್ಲ. ಅದು ಇಳಿಯುವುದು ಇಂಡೋನೇಷ್ಯಾದಿಂದ ಭಾರತದವರೆಗಿನ ಪಟ್ಟಿಯಲ್ಲಿ. ಇಳಿಯುವ ಗಾಳಿ ಒಣಗುತ್ತದೆ, ಮೋಡವನ್ನು ಮೇಲೇಳಲು ಬಿಡುವುದಿಲ್ಲ. ಆವಿ ಹೊತ್ತ ಪಶ್ಚಿಮದ ಗಾಳಿ ಆಗಲೂ ಬೀಸುತ್ತಿರುತ್ತದೆ, ಮೇಲಿನಿಂದ ಅದುಮು ಬೀಳುವುದರಿಂದ ಮಳೆ ಮಾತ್ರ ಸೊರಗುತ್ತದೆ. ಪೆಸಿಫಿಕ್ ನಮ್ಮ ನೀರನ್ನು ಕಸಿದುಕೊಳ್ಳುವುದಿಲ್ಲ, ನಮ್ಮ ಮೋಡಕ್ಕೆ ತಡೆ ಹಾಕುತ್ತದೆ. ವ್ಯತ್ಯಾಸ ಸಣ್ಣದಲ್ಲ.

ತಡೆ ಎಷ್ಟು ಬಲವಾಗಿರುತ್ತದೆ ಎಂಬುದು ಬಿಸಿನೀರು ಪೆಸಿಫಿಕ್‌ನಲ್ಲಿ ಎಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. ಬಿಸಿ ಪೆಸಿಫಿಕ್ ನಡುವಿನಲ್ಲಿದ್ದರೆ ಗಾಳಿ ಇಳಿಯುವ ಜಾಗ ಭಾರತದ ನೆತ್ತಿಗೆ ಹತ್ತಿರ. 2002 (81%), 2009 (78%) ಈ ಬಗೆಯವು. 1997ರ ಬಿಸಿ ಪೆರು ಕರಾವಳಿಯತ್ತ ಒತ್ತಿಕೊಂಡಿತ್ತು. ಆ ವರ್ಷ ನಮ್ಮನ್ನು ಉಳಿಸಿದ್ದು ಅದೊಂದೇ ಅಲ್ಲ, ಹಿಂದೂ ಮಹಾಸಾಗರವೂ ಕೈಕೊಟ್ಟಿರಲಿಲ್ಲ.

ಹಿಂದೂ ಮಹಾಸಾಗರದಲ್ಲೂ ಒಂದು ತೂಗಾಟವಿದೆ, ಇಂಡಿಯನ್ ಓಷನ್ ಡೈಪೋಲ್, ಚಿಕ್ಕದಾಗಿ ಐಓಡಿ ಅಂತಾರೆ. 1999ರಲ್ಲಿ ಸಜಿ, ಗೋಸ್ವಾಮಿ, ವಿನಯಚಂದ್ರನ್, ಯಮಗಾಟ ಸೇರಿ ಇದನ್ನು ಗುರುತಿಸಿದರು. ಸುಮಾತ್ರಾ–ಜಾವಾ ಕರಾವಳಿಯಲ್ಲಿ ಆಗ್ನೇಯ ಗಾಳಿ ಜೋರಾದರೆ ಅಲ್ಲಿ ಆಳದ ತಣ್ಣೀರು ಮೇಲೇಳುತ್ತದೆ, ಮೋಡ ಕರಗುತ್ತದೆ. ಸಮಭಾಜಕದ ಗುಂಟ ಗಾಳಿ ಪಶ್ಚಿಮಕ್ಕೆ ತಿರುಗಿ ಬಿಸಿನೀರನ್ನು ಆಫ್ರಿಕಾ ಕಡೆಗೆ ತಳ್ಳುತ್ತದೆ. ಪಶ್ಚಿಮ ಬಿಸಿ, ಪೂರ್ವ ತಣ್ಣಗೆ ಇದ್ದರೆ ಧನಾತ್ಮಕ ಐಓಡಿ. 1994, 1997, 2019 ಇದರ ದೊಡ್ಡ ವರ್ಷಗಳು. ಧನಾತ್ಮಕ ಐಓಡಿ ಎಲ್ ನಿನೊದ ಏಟನ್ನು ಎಷ್ಟೋ ಸಲ ತಗ್ಗಿಸುತ್ತದೆ. 2019ರ ಜೂನ್‌ನಲ್ಲಿ ದೇಶಕ್ಕೆ 33% ಕೊರತೆ ಇತ್ತು. ಐಓಡಿ ಬಲಿತ ಹಾಗೆ ಸೆಪ್ಟೆಂಬರ್ ಒಂದರಲ್ಲೇ 152% ಸುರಿದು ಇಡೀ ಋತು 110%ಕ್ಕೆ ಮುಗಿಯಿತು. 2023ರಲ್ಲಿ ಐಓಡಿ ತಡವಾಗಿ ಎದ್ದಿತು, ಆಗಸ್ಟ್ ಕೈತಪ್ಪಿ ಹೋಗಿತ್ತು. 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಅದೇ.

---

ಕಾಫಿಕಣ

ತುಂಬಾ ಉಪಕಾರ ಸರ್. ಒಂದು ಕಡೆ ಸಿಕ್ಕಿಕೊಂಡೆ. ಮಳೆಗಾಲದಲ್ಲಿ ಅರಬ್ಬಿ ಸಮುದ್ರ ತಣ್ಣಗಾಗುತ್ತದೆ ಅಂತ ಓದಿದ್ದೆ. 28 ಡಿಗ್ರಿ ಹೊಸ್ತಿಲು ಅಂದರೆ, ತಣ್ಣಗಾದ ಕಡಲಿನಿಂದ ಜುಲೈನಲ್ಲಿ ನಮಗೆ ಇಷ್ಟು ಮಳೆ ಹೇಗೆ? ಆವಿ ಕಡಿಮೆಯಾಗಬೇಕಲ್ಲವೇ?

---

ಕಡಲಮೇಲ್ಮೈ

ಓದಿದ್ದು ಸರಿ. ಸೊಮಾಲಿಯಾ ಕರಾವಳಿಯಲ್ಲಿ ಜೂನ್‌ನಿಂದ ನೈಋತ್ಯ ಗಾಳಿ ದಡಕ್ಕೆ ಸಮಾನಾಂತರವಾಗಿ ಬೀಸುತ್ತದೆ. ಭೂಮಿಯ ತಿರುಗುವಿಕೆಯಿಂದ ಮೇಲ್ಮೈ ನೀರು ಗಾಳಿಯ ಬಲಕ್ಕೆ, ಅಂದರೆ ದಡದಿಂದ ಆಚೆಗೆ ಸರಿಯುತ್ತದೆ. ಖಾಲಿಯಾದ ಜಾಗಕ್ಕೆ ಆಳದಿಂದ ತಣ್ಣೀರು ಏರುತ್ತದೆ. ಸಮಭಾಜಕದ ಹತ್ತಿರದಲ್ಲೇ ಇದ್ದರೂ ಅಲ್ಲಿನ ನೀರು ಕೆಲವು ಕಡೆ 20 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ನಡುಗಡಲಿನಲ್ಲೂ ಗಾಳಿ ಮೇಲ್ಮೈಯನ್ನು ಕಲಕಿ ಕೆಳಗಿನ ತಣ್ಣೀರನ್ನು ಬೆರೆಸುತ್ತದೆ. ಮೇ ತಿಂಗಳಲ್ಲಿ ಲಕ್ಷದ್ವೀಪದ ಸುತ್ತ 30 ಡಿಗ್ರಿ ದಾಟಿದ್ದ ನೀರು ಜುಲೈ ಹೊತ್ತಿಗೆ ಇಳಿಮುಖ.

ಆದರೆ ಆವಿಯ ಪ್ರಮಾಣವನ್ನು ನೀರಿನ ಬಿಸಿಯೊಂದೇ ಗೊತ್ತುಮಾಡುವುದಿಲ್ಲ. ಗಾಳಿಯ ವೇಗ, ಮತ್ತು ನೀರಿಗೆ ಅಂಟಿದ ಗಾಳಿಗೂ ಅದರ ಮೇಲಿನ ಗಾಳಿಗೂ ಇರುವ ತೇವದ ಅಂತರ, ಈ ಎರಡರ ಗುಣಲಬ್ಧ ಅದು. ಕಣದಲ್ಲಿ ಕಾಫಿ ಹರಡುವವರಿಗೆ ಇದನ್ನು ವಿವರಿಸಬೇಕಿಲ್ಲ: ಬಿಸಿಲು ಮಂಕಾಗಿದ್ದರೂ ಒಣಗಾಳಿ ಬೀಸಿದ ದಿನ ಬೇಗ ಒಣಗುತ್ತದೆ. ಅರಬ್ಬಿ ಸಮುದ್ರದ ಮೇಲೆ ಜುಲೈನಲ್ಲಿ ಬೀಸುವುದು ಸಾಮಾನ್ಯ ಗಾಳಿಯಲ್ಲ. ಸುಮಾರು ಒಂದೂವರೆ ಕಿ.ಮೀ. ಎತ್ತರದಲ್ಲಿ ಸೊಮಾಲಿ ಜೆಟ್ ಎಂಬ ಗಾಳಿಯ ಹೊಳೆಯೇ ಹರಿಯುತ್ತಿರುತ್ತದೆ, ಅದರ ನಡುಭಾಗದಲ್ಲಿ 50 ನಾಟ್ (ಗಂಟೆಗೆ ಸುಮಾರು 90 ಕಿ.ಮೀ.) ವೇಗವೂ ಅಪರೂಪವಲ್ಲ. ಅದನ್ನು 1960ರ ದಶಕದಲ್ಲಿ ಗುರುತಿಸಿದವರು ಫಿಂಡ್‌ಲೇಟರ್, ಹಾಗಾಗಿ ಫಿಂಡ್‌ಲೇಟರ್ ಜೆಟ್ ಅಂತಲೂ ಕರೆಯುತ್ತಾರೆ.

ಇನ್ನೊಂದು ವಿಷಯ, ಆ ಗಾಳಿ ಹುಟ್ಟುವುದು ಅರಬ್ಬಿ ಸಮುದ್ರದಲ್ಲಲ್ಲ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಮಡಗಾಸ್ಕರ್‌ನ ಪೂರ್ವಕ್ಕೆ ಹೊರಟು, ಅಲ್ಲಿಂದಲೇ ಆವಿ ತುಂಬಿಕೊಂಡು, ಕೀನ್ಯಾ ಬೆಟ್ಟಸಾಲಿಗೆ ಒರಗಿ ಸಮಭಾಜಕ ದಾಟಿ, ಬಲಕ್ಕೆ ತಿರುಗಿ ನಮ್ಮ ಕಡೆ ಬರುತ್ತದೆ. ಅರಬ್ಬಿ ಸಮುದ್ರದಲ್ಲಿ ಅದಕ್ಕೆ ಇನ್ನಷ್ಟು ತುಂಬುತ್ತದೆ, ಅಷ್ಟೇ. ಬ್ರಹ್ಮಗಿರಿಯ ಮೇಲೆ ಬೀಳುವ ಹನಿಯಲ್ಲಿ ಭೂಮಿಯ ಆ ಅರ್ಧಗೋಳದ ಪಾಲೂ ಇದೆ.

28ರ ಹೊಸ್ತಿಲು ನಡುಗಡಲಿನಲ್ಲಿ ತಾನಾಗಿ ಏಳುವ ಮೋಡಕ್ಕೆ ಸಂಬಂಧಿಸಿದ್ದು. ಘಟ್ಟದಲ್ಲಿ ಗಾಳಿಯನ್ನು ಮೇಲೆತ್ತಲು ಬೆಟ್ಟವೇ ಇದೆ. ಅದರ ಬಗ್ಗೆ ಘಟ್ಟದ ಮಳೆ ಬಲ್ಲವರು ಹೇಳಲಿ.

---

ಬ್ರಹ್ಮಗಿರಿ ಮೋಡ

ಹೇಳುತ್ತೇನೆ. ಮೊದಲೇ ಒಂದು ತಕರಾರು: ಮೇಲಿನ ಅಂಕಿಗಳೆಲ್ಲ ದೇಶದ ಸರಾಸರಿ. 87 ಸೆಂ.ಮೀ. ದೇಶದ ದೀರ್ಘಾವಧಿ ಸರಾಸರಿ ಅನ್ನುವುದು ಪಂಜಾಬ್‌ನಿಂದ ಹಿಡಿದು ಮೇಘಾಲಯದವರೆಗೆ ಕೂಡಿ ಭಾಗಿಸಿದ ಅಂಕಿ. ಕೊಡಗಿನ ಒಳಗೇ ಭಾಗಮಂಡಲದ ಕಡೆ ವರ್ಷಕ್ಕೆ 200 ಇಂಚು ದಾಟುವುದುಂಟು, 50 ಕಿ.ಮೀ. ಪೂರ್ವಕ್ಕೆ ಕುಶಾಲನಗರದಲ್ಲಿ 40 ಇಂಚಿನ ಆಸುಪಾಸು. ಇಂಥ ಜಿಲ್ಲೆಗೆ ದೇಶದ ಸರಾಸರಿ ಹಿಡಿದು ಮಾತಾಡುವುದೇ ಅಸಂಬದ್ಧ.

ಘಟ್ಟದಲ್ಲಿ ಮಳೆ ಹೇಗೆ? ತೇವದ ಗಾಳಿ ಘಟ್ಟಕ್ಕೆ ಬಡಿದು ಏರುತ್ತದೆ. ಪುಷ್ಪಗಿರಿ 1712 ಮೀಟರ್, ತಡಿಯಂಡಮೋಳ್ 1748 ಮೀಟರ್. ಗಾಳಿ ಏರಿದಂತೆ ತಣಿದು ನೀರು ಬಿಡುತ್ತದೆ, ಬೆಟ್ಟ ದಾಟಿ ಇಳಿಯುವಾಗ ಒಣಗುತ್ತದೆ. ಮಳೆಯ ಪ್ರಮಾಣವನ್ನು ನಿರ್ಧರಿಸುವುದು ಘಟ್ಟಕ್ಕೆ ಬಡಿಯುವ ಗಾಳಿಯ ಬಲ, ದಿಕ್ಕು, ಆಳ. ಎಲ್ ನಿನೊ ವರ್ಷದಲ್ಲೂ ಹತ್ತು ದಿನ ಆ ಗಾಳಿ ಸರಿಯಾಗಿ ಬಡಿದರೆ ಹತ್ತು ದಿನಕ್ಕೆ 50 ಇಂಚು ಬೀಳಬಹುದು. ಋತುವಿನ ಸರಾಸರಿಗೆ ಅದರ ಗೊಡವೆ ಇಲ್ಲ.

ಆ ಗಾಳಿಯನ್ನು ಬಲಪಡಿಸುವವು ಮುಖ್ಯವಾಗಿ ಎರಡು. ಒಂದು, ಗುಜರಾತಿನಿಂದ ಕೇರಳದವರೆಗೆ ಕಡಲ ತೀರದ ಗುಂಟ ಕಟ್ಟುವ ಕಡಿಮೆ ಒತ್ತಡದ ಉದ್ದನೆಯ ತಗ್ಗು. ಹವಾಮಾನ ಇಲಾಖೆಯ ವರದಿಯಲ್ಲಿ "ಆಫ್‌ಶೋರ್ ಟ್ರಫ್" ಅಂತ ಬರುವುದು ಇದೇ. ಇದು ಇದ್ದರೆ ಕರಾವಳಿ, ಘಟ್ಟ ಎರಡಕ್ಕೂ ಜಡಿಮಳೆ. ಎರಡು, ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ. ಒಡಿಶಾ ಕಡೆ ಕುಸಿತ ಉಂಟಾದರೆ ಮಳೆ ಅಲ್ಲಿಗೆ ಹೋಯಿತು ಅಂದುಕೊಳ್ಳುತ್ತಾರೆ. ನಿಜವೆಂದರೆ ಅದು ದೇಶದ ಮೇಲಿಂದ ಗಾಳಿಯನ್ನು ತನ್ನತ್ತ ಸೆಳೆಯುತ್ತದೆ, ಆ ಸೆಳೆತಕ್ಕೆ ಅರಬ್ಬಿ ಕಡೆಯ ಪಶ್ಚಿಮ ಗಾಳಿ ಜೋರಾಗಿ ಘಟ್ಟಕ್ಕೆ ಬಡಿಯುತ್ತದೆ. 2018ರ ಆಗಸ್ಟ್ ನಡುವಿನಲ್ಲಿ ಆದದ್ದು ಹೀಗೆ. ಜೂನ್‌ನಿಂದ ಬಿದ್ದ ಮಳೆಗೆ ಮಣ್ಣು ಆಗಲೇ ನೆನೆದು ನಿಂತಿತ್ತು, ಅದರ ಮೇಲೆ ಒಡಿಶಾ ಕರಾವಳಿಯ ಕುಸಿತ ಗಾಳಿಗೆ ಬಲ ಕೊಟ್ಟಿತು, ನಾಲ್ಕೈದು ದಿನ ಎಡೆಬಿಡದೆ ಸುರಿಯಿತು. ಇಳಿಜಾರು ಕಡಿದು ರಸ್ತೆ, ಕಟ್ಟಡಕ್ಕೆ ಜಾಗ ಮಾಡಿದ್ದೂ ಸೇರಿ ಗುಡ್ಡ ನಿಲ್ಲಲಿಲ್ಲ. ಕಡಲು ಮಳೆಯನ್ನು ಕಳಿಸುತ್ತದೆ, ಜಾರುವುದೋ ಬಿಡುವುದೋ ಎಂಬುದರಲ್ಲಿ ನಮ್ಮ ಜೆಸಿಬಿಗಳ ಪಾಲೂ ಇದೆ. 2019ರಲ್ಲಿ ತೋರ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿದವು. ಮೂರೂ ಆಗಸ್ಟ್‌ನವೇ, ಮಣ್ಣು ನೀರು ಕುಡಿದು ತುಂಬುವ ತಿಂಗಳು.

ಮುಂಗಾರು ಒಂದೇ ಸಮ ಸುರಿಯುವುದಿಲ್ಲ, ಹೊಯ್ದು ಬಿಟ್ಟು ಹೊಯ್ಯುತ್ತದೆ. ಇದರ ತಾಳವೂ ಕಡಲಿನದೇ. ಸಮಭಾಜಕದ ಬಳಿ ಕಟ್ಟುವ ಮಳೆಮೋಡದ ಪಟ್ಟಿ ದಿನಕ್ಕೆ ಸುಮಾರು ಒಂದು ಅಕ್ಷಾಂಶದಂತೆ ಉತ್ತರಕ್ಕೆ ಸರಿಯುತ್ತದೆ. ಅದು 12 ಡಿಗ್ರಿ ದಾಟುವಾಗ ನಮಗೆ ಜೋರು, ಹಿಮಾಲಯದ ಬುಡ ಸೇರಿದಾಗ ನಮಗೆ ಬಿಡುವು. ಇದರ ಹಿಂದೆ ಎಂಜೆಓ (ಮ್ಯಾಡನ್–ಜೂಲಿಯನ್ ಆಂದೋಲನ) ಎಂಬ ಮಳೆಮೋಡಗಳ ಇನ್ನೂ ದೊಡ್ಡ ಅಲೆ 30ರಿಂದ 60 ದಿನಕ್ಕೊಮ್ಮೆ ಸಮಭಾಜಕದ ಗುಂಟ ಪೂರ್ವಕ್ಕೆ ಸಾಗುತ್ತದೆ. ಅದು ಹಿಂದೂ ಮಹಾಸಾಗರದ ಮೇಲಿದ್ದರೆ, ಮಾಹಿತಿ ಪಟದಲ್ಲಿ 2 ಮತ್ತು 3ನೇ ಹಂತ, ನಮ್ಮ ಕಡೆ ಮಳೆಗೆ ಅನುಕೂಲ. ಪೆಸಿಫಿಕ್‌ಗೆ ಹೋದರೆ ಬಿಡುವು ಉದ್ದವಾಗುತ್ತದೆ.

ಪ್ರಶ್ನೆ ಕೇಳಿದವರಿಗೆ: ನಿಮಗೆ ಬೇಕಿರುವುದು ಋತುವಿನ ಸೂಚಕವಲ್ಲ, ಹತ್ತು–ಹದಿನೈದು ದಿನದ್ದು. ಟಿವಿ ಹೇಳುವುದು ಮೊದಲನೆಯದನ್ನು ಮಾತ್ರ.

---

ಹೊಳೆಸಾಲು

ಮೇಲಿನವರು ಬಂಗಾಳ ಕೊಲ್ಲಿಯ ಹೆಸರೆತ್ತಿದರು, ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ.

ಅರಬ್ಬಿ ಸಮುದ್ರ ಮಳೆಗಾಲದಲ್ಲಿ ತಣಿಯುತ್ತದೆ, ಬಂಗಾಳ ಕೊಲ್ಲಿ ಮಾತ್ರ ಅಷ್ಟು ತಣಿಯದೆ 28ರ ಮೇಲೇ ನಿಲ್ಲುತ್ತದೆ. ಕಾರಣ ಹೊಳೆಗಳು. ಗಂಗಾ–ಬ್ರಹ್ಮಪುತ್ರ, ಐರಾವತಿ, ಮಹಾನದಿ, ಗೋದಾವರಿ ಎಲ್ಲ ಸುರಿಯುವ ಸಿಹಿನೀರು, ಜೊತೆಗೆ ಅಲ್ಲೇ ಬೀಳುವ ಮಳೆ, ಉಪ್ಪುನೀರಿಗಿಂತ ಹಗುರವಾದ್ದರಿಂದ ಮೇಲೆ ತೆಳು ಪದರವಾಗಿ ನಿಲ್ಲುತ್ತದೆ. ಅರಬ್ಬಿ ಸಮುದ್ರದ ಮೇಲ್ಮೈಯಲ್ಲಿ ಕಿಲೋ ನೀರಿಗೆ ಸುಮಾರು 36 ಗ್ರಾಂ ಉಪ್ಪು. ಕೊಲ್ಲಿಯ ಉತ್ತರ ಭಾಗದಲ್ಲಿ ಮಳೆಗಾಲ ಮುಗಿಯುವಾಗ 30 ಗ್ರಾಂಗಿಂತಲೂ ಕೆಳಗೆ ಇಳಿಯುವುದುಂಟು. ಆ ಹಗುರ ಪದರ ಎಷ್ಟು ಗಟ್ಟಿ ಎಂದರೆ ಗಾಳಿ ಬೀಸಿದರೂ ಕೆಳಗಿನ ತಣ್ಣೀರು ಸುಲಭಕ್ಕೆ ಮೇಲೆ ಬರದು. ತೆಳು ಪದರ ಬೇಗ ಬಿಸಿಲಿಗೆ ಕಾಯುತ್ತದೆ, ಮತ್ತೆ ಮೋಡ, ಮತ್ತೆ ಕುಸಿತ. ಒಂದು ಮಳೆಗಾಲಕ್ಕೆ ಕೊಲ್ಲಿಯಲ್ಲಿ ಒಂದರ ಹಿಂದೊಂದು ಕುಸಿತ ಉಂಟಾಗುವುದು ಇದರಿಂದಲೇ.

ಹೊಳೆನೀರು "ಸುಮ್ಮನೆ ಸಮುದ್ರ ಸೇರಿ ವ್ಯರ್ಥ" ಎನ್ನುವುದು ನಮ್ಮಲ್ಲಿ ಎಲ್ಲ ಪಕ್ಷದ ಭಾಷಣದಲ್ಲೂ ಬರುವ ವಾಕ್ಯ. ಕಡಲಿನ ಕಡೆಯಿಂದ ನೋಡಿದರೆ ಆ ನೀರು ಕೆಲಸದಲ್ಲಿದೆ. ಕಾವೇರಿಯೊಂದರ ಪಾಲು ಗಂಗಾ–ಬ್ರಹ್ಮಪುತ್ರದ ಮುಂದೆ ಲೆಕ್ಕಕ್ಕಿಲ್ಲ ಎಂಬುದೂ ನಿಜ, ಅದನ್ನು ಮುಚ್ಚಿಡುವುದು ಬೇಡ. ಕೊಡಗಿನ ನೀರು ಎರಡೂ ಕಡಲಿಗೆ ಹೋಗುತ್ತದೆ: ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥದ್ದು ಪೂರ್ವಕ್ಕೆ, ಬಾರಪೊಳೆ, ಪಯಸ್ವಿನಿ, ಕುಮಾರಧಾರಾದ್ದು ಪಶ್ಚಿಮಕ್ಕೆ.

ಮೀನು ತಿನ್ನುವವರಿಗಾಗಿ ಇದನ್ನೂ ಬರೆಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೇರಳ–ಮಂಗಳೂರು ಕರಾವಳಿಯಲ್ಲೂ ಸೊಮಾಲಿಯಾದ ಹಾಗೆ, ಸಣ್ಣ ಪ್ರಮಾಣದಲ್ಲಿ, ಆಳದ ನೀರು ಮೇಲೇರುತ್ತದೆ. ಅದರಲ್ಲಿ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತವೆ, ಬಿಸಿಲು ಸಿಕ್ಕಿದಲ್ಲಿ ಸಸ್ಯಪ್ಲವಕ ಹುಲುಸಾಗಿ ಬೆಳೆಯುತ್ತದೆ, ಅದನ್ನು ತಿಂದು ಬೂತಾಯಿ. ನಮ್ಮ ಸಂತೆಯ ಮತ್ತಿ ಅದೇ. ಅದೇ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ, ಹಾಗಾಗಿ ದಡದ ಹತ್ತಿರ ತಳದ ಮೀನು, ಸಿಗಡಿ ಉಸಿರಿಗೆ ಒದ್ದಾಡಿ ಜಾಗ ಬಿಡುತ್ತವೆ. ಎಲ್ ನಿನೊ ವರ್ಷಗಳಲ್ಲಿ ಬೂತಾಯಿ ಸೊರಗುವುದನ್ನು ಮೀನುಗಾರಿಕೆ ಸಂಶೋಧಕರು ಗುರುತಿಸಿದ್ದಾರೆ. ಮಡಿಕೇರಿ ಮಾರುಕಟ್ಟೆಯ ಮತ್ತಿ ದರಕ್ಕೂ ಪೆಸಿಫಿಕ್‌ಗೂ ನಂಟಿದೆ ಎಂದರೆ ಉತ್ಪ್ರೇಕ್ಷೆಯಲ್ಲ.

---

ಇಂಚು-ಸೆಂಟ್

ಮೂಲ ಪ್ರಶ್ನೆಯ ಕೊನೆಯ ಭಾಗಕ್ಕೆ ಇನ್ನೂ ಉತ್ತರ ಬಂದಿಲ್ಲ. ತೋಟದ ಕೆಲಸಕ್ಕೆ ಏನು ನೋಡಬೇಕು.

ಕಾಫಿ ಮೊಗ್ಗು ಅರಳಿಸುವ ಹೂಮಳೆಗೆ ಎಲ್ ನಿನೊ ನೋಡಬೇಡಿ. ಫೆಬ್ರವರಿ–ಮಾರ್ಚ್‌ನಲ್ಲಿ ರೋಬಸ್ಟಾಕ್ಕೆ, ಮಾರ್ಚ್–ಏಪ್ರಿಲ್‌ನಲ್ಲಿ ಅರೇಬಿಕಾಕ್ಕೆ ಬೇಕಾದ ಆ ಒಂದು–ಒಂದೂವರೆ ಇಂಚು ಮುಂಗಾರಿನದಲ್ಲ. ಒಳನಾಡಿನ ಬಿಸಿಲು, ಎರಡು ಕಡೆಯ ಕಡಲಿನಿಂದ ಬರುವ ತೇವ, ಅವು ಸಂಧಿಸುವ ಗೆರೆ, ಇಷ್ಟರ ಮೇಲೆ ಮಧ್ಯಾಹ್ನದ ಗುಡುಗು ನಿಂತಿರುತ್ತದೆ. ಒಂದು ಎಸ್ಟೇಟಿಗೆ ಬಿದ್ದು ಪಕ್ಕದ್ದಕ್ಕೆ ಬೀಳದಿರುವುದು ಈ ಮಳೆಯ ಸ್ವಭಾವ. ಎರಡು–ಮೂರು ದಿನಕ್ಕಿಂತ ಮುಂಚೆ ಯಾರೂ ಖಚಿತ ಹೇಳಲಾರರು. 30–40 ಸೆಂಟ್ (ಇಂಚಿನ ನೂರನೇ ಒಂದು ಪಾಲು ಒಂದು ಸೆಂಟ್) ಬಿದ್ದು ನಿಂತರೆ ಮೊಗ್ಗು ಅರ್ಧ ಅರಳಿ ಹಾಳಾಗುತ್ತದೆ. ಕೆರೆಯಲ್ಲಿ ನೀರಿದ್ದವರು ಆಕಾಶ ನೋಡುತ್ತ ಕೂರುವುದಕ್ಕಿಂತ ಸ್ಪ್ರಿಂಕ್ಲರ್ ಹಾಕಿ ಇಂಚು ತುಂಬಿಸುವುದು ವಾಸಿ. 15–20 ದಿನಕ್ಕೆ ಬ್ಯಾಕಿಂಗ್ (ಹೂ ಅರಳಿದ ಮೇಲಿನ ಎರಡನೆಯ ನೀರು) ಕೊಡಲು ನೀರು ಉಳಿದಿದೆಯೇ ಎಂದು ಮೊದಲೇ ಅಳೆದುಕೊಳ್ಳಿ. ಎಕರೆಗೆ ಇಂಚಿಗೆ ಲಕ್ಷ ಲೀಟರ್ ಅನ್ನುವ ಮೇಲಿನ ಲೆಕ್ಕ ಇಲ್ಲಿ ನೇರ ಉಪಯೋಗಕ್ಕೆ ಬರುತ್ತದೆ. ಹತ್ತು ಎಕರೆಗೆ ಒಂದು ಸುತ್ತು ಅಂದರೆ ಹತ್ತು ಲಕ್ಷ ಲೀಟರ್, ಗಾಳಿಗೆ ಹಾರಿಹೋಗುವುದನ್ನು ಬಿಟ್ಟು.

ಮುಂಗಾರು ಪ್ರವೇಶ ಘೋಷಣೆಯನ್ನೂ ತಪ್ಪಾಗಿ ಓದುತ್ತಾರೆ. ಕೇರಳ ಪ್ರವೇಶಕ್ಕೆ ಇಲಾಖೆ ನೋಡುವುದು ಮಿನಿಕಾಯ್‌ನಿಂದ ಮಂಗಳೂರುವರೆಗಿನ 14 ಕೇಂದ್ರಗಳನ್ನು. ಮೇ 10ರ ನಂತರ ಅವುಗಳಲ್ಲಿ 60% ಕಡೆ ಸತತ ಎರಡು ದಿನ 2.5 ಮಿ.ಮೀ. ಅಥವಾ ಹೆಚ್ಚು ಮಳೆ ಬೀಳಬೇಕು, ಪಶ್ಚಿಮ ಗಾಳಿ ಸಾಕಷ್ಟು ಎತ್ತರದವರೆಗೆ ತುಂಬಿರಬೇಕು, ಮೋಡವೂ ದಟ್ಟವಾಗಿರಬೇಕು. ಆ 14ರಲ್ಲಿ ಕೊಡಗಿನ ಕೇಂದ್ರ ಒಂದೂ ಇಲ್ಲ. 2025ರಲ್ಲಿ ಮೇ 24ಕ್ಕೇ ಪ್ರವೇಶವಾಯಿತು. 2023ರಲ್ಲಿ ಬಿಪರ್‌ಜಾಯ್ ಚಂಡಮಾರುತ ಅರಬ್ಬಿ ಸಮುದ್ರದಲ್ಲಿ ಗಾಳಿಯನ್ನು ತನ್ನ ಸುತ್ತ ಸೆಳೆದುಕೊಂಡಿದ್ದಾಗ ಜೂನ್ 8ರವರೆಗೆ ತಡ. ಕಾಳುಮೆಣಸಿಗೆ ಮೊದಲ ಬೋರ್ಡೋ ಈ ಘೋಷಣೆಗೆ ಕಾಯದೆ ಮೇ ಕೊನೆಯೊಳಗೆ ಮುಗಿಸಿ. 1% ಅಂದರೆ ಮೈಲುತುತ್ತ ಒಂದು ಕೆ.ಜಿ., ಸುಟ್ಟ ಸುಣ್ಣ ಒಂದು ಕೆ.ಜಿ., ನೀರು 100 ಲೀಟರ್. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಿರಿ, ತಿರುಗಿಸಿ ಹೊಯ್ದರೆ ಕಣ ದಪ್ಪವಾಗಿ ಎಲೆಗೆ ಸರಿಯಾಗಿ ಅಂಟುವುದಿಲ್ಲ. ಎರಡನೆಯ ಸುತ್ತಿಗೆ ಬಿಡುವು ಬೇಕು. ಅದು ಪುಷ್ಯದಲ್ಲೋ ಆಶ್ಲೇಷದಲ್ಲೋ ಸಿಗುತ್ತದೆಯೇ ಎಂದು ತಿಳಿಯಲು ಮೇಲೆ ಹೇಳಿದ ಎಂಜೆಓ ಮತ್ತು ಹವಾಮಾನ ಇಲಾಖೆಯ ನಾಲ್ಕು ವಾರದ ವಿಸ್ತೃತ ಮುನ್ಸೂಚನೆ ನೋಡಿ. ಎಲೆಯ ಮೇಲೆ ಔಷಧ ಒಣಗಲು ಕೆಲವು ಗಂಟೆಯಾದರೂ ಬಿಸಿಲು ಬೇಕು, ಅದನ್ನು ಮಾತ್ರ ಅವತ್ತಿನ ರಡಾರ್ ನೋಡಿ ನಿರ್ಧರಿಸಿ.

ಗೊಬ್ಬರದ ವಿಷಯದಲ್ಲಿ ಸರಾಸರಿ ನೋಡಿ ಮೋಸ ಹೋಗುವವರೇ ಹೆಚ್ಚು. "ಈ ವರ್ಷ ಮಳೆ ಕಡಿಮೆ" ಅಂತ ನಂಬಿ ಜುಲೈ ನಡುವೆ ಯೂರಿಯಾ ಹಾಕಿದರೆ ಮಾರನೆಯ ದಿನದ ಹತ್ತು ಇಂಚಿಗೆ ಅದು ಹೊಳೆ ಸೇರುತ್ತದೆ. ಒಂದೂವರೆ ಕಿ.ಮೀ. ಎತ್ತರದ (850 ಹೆಕ್ಟೊಪಾಸ್ಕಲ್) ಗಾಳಿಯ ನಕ್ಷೆ ಯಾವ ಹವಾಮಾನ ತಾಣದಲ್ಲೂ ಸಿಗುತ್ತದೆ. 12 ಅಕ್ಷಾಂಶದ ಬಳಿ ಕಡಲ ಮೇಲೆ ಪಶ್ಚಿಮ ಗಾಳಿ 30 ನಾಟ್ ಮೇಲಿದ್ದು, ಕರಾವಳಿ ತಗ್ಗು ಇದ್ದು, ಕೊಲ್ಲಿಯಲ್ಲಿ ಕುಸಿತವೂ ಇದ್ದರೆ ಐದಾರು ದಿನ ಗೊಬ್ಬರದ ಚೀಲ ಬಿಚ್ಚಬೇಡಿ, ಇಳಿಜಾರಿನ ಮನೆಯವರು ಚರಂಡಿ ಕಟ್ಟಿಕೊಂಡಿದೆಯೇ ನೋಡಿಕೊಳ್ಳಿ.

ಮೊಬೈಲ್ ಆ್ಯಪಿನ ಮಿ.ಮೀ. ಅಂಕಿಯನ್ನು ಹಾಗೇ ನಂಬಬೇಡಿ. ಯುರೋಪಿನ ಹವಾಮಾನ ಮಾದರಿ ಲೆಕ್ಕ ಹಾಕುವ ಒಂದೊಂದು ಚೌಕ 9 ಕಿ.ಮೀ., ಅಮೆರಿಕದ ಜಿಎಫ್‌ಎಸ್‌ನದು 13. ಭಾಗಮಂಡಲದಿಂದ ಕುಶಾಲನಗರಕ್ಕೆ ನಾಲ್ಕೈದು ಚೌಕ ಬಂದರೆ ಹೆಚ್ಚು. ಒಂದು ಚೌಕದೊಳಗೆ ಬೆಟ್ಟದ ತುದಿ, ಕಣಿವೆ ಎರಡೂ ಸೇರಿ ಸರಾಸರಿಯಾಗಿರುತ್ತವೆ. ಘಟ್ಟದ ಅಂಚಿನಲ್ಲಿ ಅದು ಕಡಿಮೆ ಹೇಳುತ್ತದೆ, ಪೂರ್ವದಲ್ಲಿ ಹೆಚ್ಚು ಹೇಳುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ, ಬಿದ್ದ ಮಳೆಗೆ ಅದನ್ನು ನೋಡಿ.

ಸ್ವಂತ ಮಾಪಕ ಇಟ್ಟವರು: ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿರಲಿ, ಹತ್ತಿರದ ಮರದ ಎತ್ತರದ ಎರಡರಷ್ಟಾದರೂ ದೂರವಿರಲಿ. ಸಿಲ್ವರ್ ಓಕ್ 40 ಅಡಿ ಇದ್ದರೆ ಮಾಪಕ 80 ಅಡಿ ಆಚೆ. ಬೆಳಿಗ್ಗೆ 8:30ಕ್ಕೆ ಅಳೆಯಿರಿ, ಅಳೆದ ದಿನದ ತಾರೀಖಿಗೇ ಬರೆಯಿರಿ, ಇಲಾಖೆಯ ಪದ್ಧತಿ ಅದೇ. ನೂರು ಸೆಂಟಿಗೆ ಒಂದು ಇಂಚು, ಇಂಚಿಗೆ 25.4 ಮಿ.ಮೀ. ಜೋರು ಗಾಳಿಯಲ್ಲಿ ಮಾಪಕ ಯಾವಾಗಲೂ ಕಡಿಮೆ ಹಿಡಿಯುತ್ತದೆ, ಕೊಳವೆಗೆ ಎಲೆ ಸಿಕ್ಕಿದರೆ ಇನ್ನೂ ಕಡಿಮೆ.

ಅರೇಬಿಕಾ ಇರುವವರಿಗೆ ಐಓಡಿ ಬೇರೆ ಕಾರಣಕ್ಕೆ ಮುಖ್ಯ. ಅದು ಮೇ–ಜೂನ್‌ನಲ್ಲಿ ಮೊಳೆತು ಸೆಪ್ಟೆಂಬರ್–ನವೆಂಬರ್‌ನಲ್ಲಿ ಬಲಿತು ಡಿಸೆಂಬರ್‌ಗೆ ಒಮ್ಮೆಲೇ ಮಾಯ. ಧನಾತ್ಮಕವಾಗಿದ್ದರೆ ದಕ್ಷಿಣದಲ್ಲಿ ಹಿಂಗಾರು ಜೋರಾಗುವ ಒಲವು ಹೆಚ್ಚು, ಹಣ್ಣು ಒಡೆದು ಉದುರುವ, ಕಣದಲ್ಲಿ ಬೂಷ್ಟು ಹಿಡಿಯುವ ಭಯ. ಆದರೆ 2021ರ ನವೆಂಬರ್‌ನಲ್ಲಿ ಐಓಡಿ ಧನಾತ್ಮಕವಿರಲಿಲ್ಲ, ಪೆಸಿಫಿಕ್‌ನಲ್ಲಿ ಲಾ ನಿನಾ (ಎಲ್ ನಿನೊದ ತದ್ವಿರುದ್ಧ ಸ್ಥಿತಿ), ಆದರೂ ದಕ್ಷಿಣದಲ್ಲೆಲ್ಲ ಸುರಿದು ಕಾಫಿ ಹಾಳಾಯಿತು. ಹಾಗಾಗಿ ಐಓಡಿ ನೋಡಿ ಟಾರ್ಪಾಲು ಮತ್ತು ಕೂಲಿಯಾಳಿನ ಏರ್ಪಾಡು ಮಾಡಿಕೊಳ್ಳಿ, ಕೊಯ್ಲಿನ ದಿನವನ್ನು ಅದರ ಮೇಲೆ ಇಡಬೇಡಿ.

---

ಕಾಫಿಕಣ

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಧನ್ಯವಾದ. ಕೊನೆಯದೊಂದು: ಎಲ್ ನಿನೊ ಸುದ್ದಿ ಏಪ್ರಿಲ್‌ನಲ್ಲಿ ಒಂದು, ಜೂನ್‌ನಲ್ಲಿ ಇನ್ನೊಂದು ಹೇಳುವುದು ಯಾಕೆ? ಯಾವ ತಿಂಗಳ ಮಾತು ನಂಬಬೇಕು?

---

ಕಡಲಮೇಲ್ಮೈ

ಮಾರ್ಚ್–ಏಪ್ರಿಲ್‌ನಲ್ಲಿ ಪೆಸಿಫಿಕ್‌ನ ಪೂರ್ವ–ಪಶ್ಚಿಮ ಉಷ್ಣತೆಯ ಅಂತರ ವರ್ಷದಲ್ಲೇ ಕಡಿಮೆ, ಗಾಳಿ–ನೀರಿನ ಹಿಡಿತವೂ ಸಡಿಲ. ಸಣ್ಣ ಗಾಳಿಯೊಂದು ದಿಕ್ಕು ಬದಲಿಸಿದರೂ ಇಡೀ ವರ್ಷದ ದಾರಿ ಬದಲಾಗಬಹುದು. ಆಗ ಮಾಡಿದ ಲೆಕ್ಕ ಎಲ್ಲ ಮಾದರಿಗಳಲ್ಲೂ ದುರ್ಬಲ. ಜೂನ್ ದಾಟಿದ ಮೇಲಿನದು ಗಟ್ಟಿ.

ನೋಡುವಾಗ ಪೆಸಿಫಿಕ್ ನಡುವಿನ ನಿನೊ 3.4 ಎಂಬ ಪ್ರದೇಶದ ಕಡಲ ಉಷ್ಣತೆಯ ಒಂದು ವಾರದ ಅಂಕಿಗೆ ಬೀಳಬೇಡಿ, ಮೂರು ತಿಂಗಳ ಸರಾಸರಿ ನೋಡಿ. ಅದು ವಾಡಿಕೆಗಿಂತ 0.5 ಡಿಗ್ರಿ ಮೇಲಿದ್ದು ತಿಂಗಳುಗಟ್ಟಲೆ ಹಾಗೇ ನಿಂತರೆ ಎಲ್ ನಿನೊ. ಐಓಡಿಗೆ ಹೊಸ್ತಿಲು 0.4 ಡಿಗ್ರಿ. ಮೇಲ್ಮೈಯ ಜೊತೆಗೆ ಕೆಳಗಿನ ನೀರನ್ನೂ ನೋಡಬೇಕು. ಆರ್ಗೊ ಎಂಬ ತೇಲುಯಂತ್ರಗಳು ಜಗತ್ತಿನ ಕಡಲಿನಲ್ಲಿ ಸುಮಾರು 4,000 ಇವೆ, ಹತ್ತು ದಿನಕ್ಕೊಮ್ಮೆ 2,000 ಮೀಟರ್ ಆಳದಿಂದ ಮೇಲೇರುತ್ತ ಉಷ್ಣತೆ, ಉಪ್ಪು ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. ಹಿಂದೂ ಮಹಾಸಾಗರದ ಮಾಹಿತಿ ಹೈದರಾಬಾದಿನ ಕಡಲ ಮಾಹಿತಿ ಕೇಂದ್ರ ಇನ್‌ಕಾಯಿಸ್‌ನ ತಾಣದಲ್ಲಿ ಸಿಗುತ್ತದೆ. ಮೇಲ್ಮೈ ಬಿಸಿಯಾಗಿದ್ದು ಕೆಳಗೆ ತಣ್ಣೀರು ಸಾಲುಗಟ್ಟಿದ್ದರೆ ಆ ಎಲ್ ನಿನೊ ಹೆಚ್ಚು ದಿನ ಬಾಳುವುದಿಲ್ಲ.

ಹವಾಮಾನ ಇಲಾಖೆಯ ಋತು ಮುನ್ಸೂಚನೆ ಏಪ್ರಿಲ್ ನಡುವಿನಲ್ಲಿ ಒಮ್ಮೆ, ಮೇ ಕೊನೆಗೆ ಪರಿಷ್ಕರಿಸಿ ಇನ್ನೊಮ್ಮೆ. ಎರಡನೆಯದನ್ನು ಇಟ್ಟುಕೊಳ್ಳಿ. ನಾಲ್ಕು ವಾರದ ವಿಸ್ತೃತ ಮುನ್ಸೂಚನೆ ಪ್ರತಿ ಗುರುವಾರ ಬರುತ್ತದೆ. ಅದರಲ್ಲಿ ಮೊದಲ ಎರಡು ವಾರವನ್ನು ಕೆಲಸಕ್ಕೆ ಬಳಸಬಹುದು, ಮೂರು–ನಾಲ್ಕನೆಯ ವಾರದ್ದು ಒಲವು ಮಾತ್ರ.